ಮೂಲೆ ಕತ್ತರಿಸಿದ ಕಾರ್ಡು

ಡಿಸೆಂಬರ್ 18, 2024. ಬುಧವಾರ

ಧನುರ್ಮಾಸ ಹುಟ್ಟಿತು. ಇನ್ನೊಂದು ತಿಂಗಳು ಯಾರೂ ಮದುವೆ ಮಾಡುವುದಿಲ್ಲ, ನನ್ನ ಅಂಗಡಿಗೆ ಯಾರೂ ಲಗ್ನಪತ್ರಿಕೆ ಮಾಡಿಸಲು ಬರುವುದಿಲ್ಲ. ಬಂಗಾರಪೇಟೆ ಸ್ಟೇಷನ್ ರಸ್ತೆಯಲ್ಲಿ ಕೂತು ಜೆರಾಕ್ಸ್ ಯಂತ್ರದ ಮುಖ ನೋಡುವುದಕ್ಕಿಂತ ಏನಾದರೂ ಗೀಚೋಣವೆಂದು ಗಿರಾಕಿಯೊಬ್ಬರು ಬಿಟ್ಟುಹೋದ ಡೈರಿ ತೆಗೆದಿದ್ದೇನೆ. ಓದುವವರು ಯಾರೂ ಇಲ್ಲ. ಇವರಿಗೆ ನನ್ನ ಅಕ್ಷರ ಓದುವ ತಾಳ್ಮೆಯಿಲ್ಲ, ಅಮ್ಮನಿಗೆ ಅಕ್ಷರವೇ ಬಾರದು.

ಬೇಸರಕ್ಕೆ ಗೀಚುತ್ತಿದ್ದೇನೆ ಅನ್ನುವ ಹಾಗೆ ಬರೆದೆ, ಸುಳ್ಳು. ಹೆದರಿಕೆ. ಡಾಕ್ಟರು ಇವತ್ತು ನನ್ನನ್ನು ಪಕ್ಕಕ್ಕೆ ಕರೆದು, "ನಿಮ್ಮ ತಾಯಿ ಹೃದಯ ಸೋತಿದೆ. ಎರಡು ತಿಂಗಳೋ, ಮೂರೋ. ಏನು ಕೇಳ್ತಾರೋ ಕೊಡಿ, ಇಲ್ಲ ಅನ್ಬೇಡಿ" ಎಂದರು. ಮನೆಗೆ ಬಂದು ನೋಡಿದರೆ ಅಮ್ಮ ಆಗಲೇ ಕೇಳಲು ತಯಾರಾಗಿ ಕೂತಿದ್ದಾಳೆ.

"ಅಟ್ಟದ್ ಮ್ಯಾಲಿಂದ ನಿಮ್ಮಪ್ಪನ್ ಪೆಟ್ಗೆ ಇಳ್ಸು ಶಾಮಲಾ. ವೆಂಕಿ ಕಾರ್ಡ್ ನೋಡ್ಬೇಕು. ಅದು ಇಳ್ಸೋಗಂಟ ನಾನು ಉಣ್ಣಲ್ಲ."

ವೆಂಕಿ ನನ್ನ ಅಣ್ಣ. ನನಗಿಂತ ಹತ್ತು ವರ್ಷ ದೊಡ್ಡವನು. ಕೆಜಿಎಫ್ ಚಿನ್ನದ ಗಣಿಯವರು ಕೊಟ್ಟ ನಂದಿದುರ್ಗದ ಲೈನ್ ಮನೆಯಲ್ಲಿದ್ದಾಗ ಅಪ್ಪ ಇವನನ್ನೂ ಗಣಿಗೆ ಸೇರಿಸಲು ಹೊರಟರು. ಇವನು ನೆಲದ ಕೆಳಗೆ ಇಳಿಯಲ್ಲ ಎಂದ. ಎಂಬತ್ತೈದರ ಗಣೇಶನ ಹಬ್ಬದ ಮಾರನೇ ದಿನ ಜಗಳ ಮಾಡಿಕೊಂಡು ಹೋದವನು ಪ್ರವಾಸಿ ಊರುಗಳಲ್ಲಿ ಬಣ್ಣದ ಚಿತ್ರದ ಕಾರ್ಡು ಮಾರುವ ಒಬ್ಬನ ಜತೆ ಸೇರಿಕೊಂಡ. ಅಡ್ರೆಸ್ ಇಲ್ಲದ ತಿರುಗಾಟ. ಆದರೆ ಪ್ರತಿ ವರ್ಷ ಸಂಕ್ರಾಂತಿಗೆ ಅವನಿಂದ ಒಂದು ಕಾರ್ಡು ಬರುತ್ತಿತ್ತು. ನಾನೇ ಓದಿ ಹೇಳುತ್ತಿದ್ದೆ. ಅಪ್ಪ ತೀರಿಕೊಂಡ ವರ್ಷ ನಾವು ಅಮ್ಮನನ್ನು ಇಲ್ಲಿಗೆ ಕರೆದುಕೊಂಡು ಬಂದೆವು, ಆಮೇಲೆ ಕಾರ್ಡು ನಿಂತಿತು. ಹೊಸ ಅಡ್ರೆಸ್ ತಿಳಿದಿಲ್ಲ ಅಂದುಕೊಂಡೆ. ಹುಡುಕಿಕೊಂಡು ಬರಲಾರದಷ್ಟು ದೊಡ್ಡ ಮನುಷ್ಯನಾದನೇ ಎಂದು ಬೈದುಕೊಂಡೂ ಇದ್ದೇನೆ.

ಡಿಸೆಂಬರ್ 19

ಇವರು ಫ್ಯಾಕ್ಟರಿಗೆ ಹೋಗುವ ಮುಂಚೆ ಟ್ರಂಕು ಇಳಿಸಿಕೊಟ್ಟರು. ಹದಿನೆಂಟು ಕಾರ್ಡುಗಳು. ಮೈಸೂರು ಅರಮನೆ, ಊಟಿ ತೋಟ, ಜೋಗ, ಬೃಂದಾವನದ ಕಾರಂಜಿ, ರಾಮೇಶ್ವರ. ಚಿತ್ರದ ಆಕಾಶವೆಲ್ಲ ನಂಬಲಾಗದಷ್ಟು ನೀಲಿ, ಸೀರೆಗಳೆಲ್ಲ ಕೆಂಪು. ಹಿಂದುಗಡೆ ಎರಡೇ ಸಾಲು. "ಕ್ಷೇಮ. ಈ ಹಬ್ಬಕ್ಕೂ ಬರಲಾಗಲಿಲ್ಲ. ಶಾಮಿ ಚೆನ್ನಾಗಿ ಓದಲಿ." ನನ್ನನ್ನು ಶಾಮಿ ಎಂದು ಕರೆದವನು ಅವನೊಬ್ಬನೇ.

ಹತ್ತು ವರ್ಷದವಳಿಗೆ ಕಾಣದ್ದು ಇಪ್ಪತ್ತೈದು ವರ್ಷ ಪ್ರಿಂಟಿಂಗ್ ಮಾಡಿದವಳ ಕಣ್ಣಿಗೆ ಬಿತ್ತು. ಮೊದಲ ಕಾರ್ಡಿನ ಮೇಲೆ ಮೈಸೂರಿನ ಅಂಚೆ ಮೊಹರು. ಉಳಿದ ಹದಿನೇಳರ ಮೇಲೂ ಬಂಗಾರಪೇಟೆಯದು. ಚಿತ್ರ ಊಟಿಯದು, ಮೊಹರು ಬಂಗಾರಪೇಟೆಯದು. ಚಿತ್ರ ರಾಮೇಶ್ವರದ್ದು, ಮೊಹರು ಬಂಗಾರಪೇಟೆಯದು. ಅರೆ, ಅರ್ಧ ಗಂಟೆ ರೈಲು ಹತ್ತಿದ್ದರೆ ಮನೆ! ಹದಿನೇಳು ವರ್ಷ ಇಲ್ಲಿಗೆ ಬಂದು, ಡಬ್ಬಿಗೆ ಕಾರ್ಡು ಹಾಕಿ, ಬಾಗಿಲಿಗೆ ಬಾರದೆ ಹಿಂದಿರುಗಿದನೆ?

ಟ್ರಂಕಿನ ಮೂಲೆಯಲ್ಲಿ ಬಟ್ಟೆಯಲ್ಲಿ ಸುತ್ತಿದ ಖಾಲಿ ಕಾರ್ಡುಗಳೂ ಸಿಕ್ಕವು. ಹದಿನಾಲ್ಕು. ಇವು ಇಲ್ಲೇಕೆ?

ಅಮ್ಮ ಒಂದೊಂದನ್ನೇ ಮುಟ್ಟಿ ನೋಡಿ, "ಇನ್ನೊಂದ್ ಕಾರ್ಡ್ ಐತೆ" ಎಂದಳು. ಇಲ್ಲಮ್ಮ, ಇಷ್ಟೇ ಎಂದೆ. "ಐತೆ ಕಣೇ, ಸರ್ಯಾಗ್ ನೋಡು." ಎರಡು ತುತ್ತು ಉಂಡು ತಟ್ಟೆ ತಳ್ಳಿದಳು.

ಡಿಸೆಂಬರ್ 23

ನಾಲ್ಕು ದಿನದಿಂದ ಇದೇ ಪಾಡು. ಇನ್ನೊಂದು ಕಾರ್ಡು, ಇನ್ನೊಂದು ಕಾರ್ಡು. ಹಿದುಕಬೇಳೆ ಸಾರೆಂದರೆ ಪ್ರಾಣ ಬಿಡುವವಳು ಇವತ್ತು ಬಟ್ಟಲನ್ನೂ ಮುಟ್ಟಲಿಲ್ಲ. ಕೈ ಎತ್ತಿದರೆ ಬಳೆ ಮೊಣಕೈವರೆಗೆ ಜಾರುತ್ತದೆ.

ಇವರು ಗದಗದ ಕಡೆಯವರು, ಸುತ್ತಿ ಬಳಸಿ ಮಾತಾಡುವುದು ಗೊತ್ತಿಲ್ಲ. "ನಿಮ್ಮಣ್ಣ ಇದ್ದಾನೋ ಇಲ್ಲೋ ನಿನಗಽ ಗೊತ್ತಿಲ್ಲ. ಹಂಗಂತ ಹೇಳಿಬಿಡು. ಮುದುಕಿ ಏನ್ ಸಣ್ಣ ಕೂಸಾ?" ಎಂದರು.

"ಸಾಯೋ ಹೊತ್ತಲ್ಲಿ ಮಗ ಇಲ್ಲ ಅನ್ನಲಾ? ನಿಮಗೆ ಎದೇಲಿ ಕಲ್ಲಿದೆಯಾ?" ಎಂದು ರೇಗಿದೆ. ಇವರು ಟಿಫಿನ್ ಕ್ಯಾರಿಯರ್ ಎತ್ತಿಕೊಂಡು ರೈಲಿಗೆ ಹೊರಟರು.

ಅಮ್ಮ ಮಗನಿದ್ದಾನೆಂದು ನಂಬಿಕೊಂಡೇ ಕಣ್ಣು ಮುಚ್ಚಬೇಕು. ಅವಳಿಗೊಂದು ಕಾರ್ಡು ಬೇಕು, ಅಷ್ಟೇ ತಾನೆ? ಊರಿಗೆಲ್ಲ ಕಾರ್ಡು ಮಾಡಿಕೊಡುವವಳು ಹೆತ್ತವಳಿಗೊಂದು ಮಾಡಿಕೊಡಲಾರೆನೆ?

ಡಿಸೆಂಬರ್ 26

ಮಾಡಿದೆ. ಖಾಲಿ ಕಾರ್ಡುಗಳಲ್ಲಿ ಜೋಗದ್ದನ್ನು ಆರಿಸಿದೆ. ಹಳೆಯ ಇಂಕ್ ಪೆನ್ನು ಹುಡುಕಿ, ಆ ಹದಿನೇಳು ಕಾರ್ಡಿನ ಅಕ್ಷರ ನೋಡಿಕೊಂಡು ರದ್ದಿ ಹಾಳೆಯಲ್ಲಿ ಅಭ್ಯಾಸ ಮಾಡಿದೆ. ಬರೆಯುವಾಗಲೇ ಹೊಳೆಯಿತು, ಇದು ಅಪ್ಪನ ಅಕ್ಷರ. ರೇಷನ್ ಕಾರ್ಡಿನ ಮೇಲೆ ಅಶ್ವತ್ಥಪ್ಪ ಎಂದು ರುಜು ಹಾಕುತ್ತಿದ್ದರಲ್ಲ, ಅದೇ 'ಪ್ಪ'. ಮೊದಲ ಕಾರ್ಡು ಮಾತ್ರ ಬೇರೆ ಕೈ. ವೆಂಕಿ ಎಡಚ, ಅವನ ಅಕ್ಷರ ಎಡಕ್ಕೆ ವಾಲುತ್ತದೆ.

ಹಾಗಾದರೆ ಬಂಗಾರಪೇಟೆಗೆ ಬಂದು ಡಬ್ಬಿಗೆ ಹಾಕುತ್ತಿದ್ದವರು ಅಪ್ಪ. ವೆಂಕಿ ಎರಡನೇ ವರ್ಷಕ್ಕೇ ನಮ್ಮನ್ನು ಮರೆತ, ಅಪ್ಪ ಅಮ್ಮನ ಸಮಾಧಾನಕ್ಕೆ ಬರೆದರು. ಪಾಪ ಅಪ್ಪ! ನಾನೂ ಅದನ್ನೇ ಮಾಡುತ್ತಿದ್ದೇನೆ ಅನ್ನಿಸಿ ಧೈರ್ಯ ಬಂತು. ಎರಡು ಸಾಲು ಬರೆದು, ಸ್ಟ್ಯಾಂಪು ಅಂಟಿಸಿ, ಸ್ಟೇಷನ್ ಡಬ್ಬಿಗೆ ಹಾಕಿ ಬಂದೆ.

ಡಿಸೆಂಬರ್ 30

ಹನ್ನೊಂದಕ್ಕೆ ಪೋಸ್ಟ್‌ಮ್ಯಾನ್ ಕೊಟ್ಟರು. ದೊಡ್ಡ ದನಿಯಲ್ಲಿ ಓದಿದೆ. "ಕ್ಷೇಮ. ಅಮ್ಮ ಹೊತ್ತಿಗೆ ಸರಿಯಾಗಿ ಊಟ ಮಾಡಬೇಕು."

ಅಮ್ಮ ಕಾರ್ಡು ನೋಡಲಿಲ್ಲ, ನನ್ನ ಮುಖವನ್ನೇ ನೋಡಿದಳು. "ಯಾರ್ ಬರ್ದವ್ರೆ?" ಎಂದಳು.

"ಇನ್ಯಾರು? ವೆಂಕಿ."

ಅಮ್ಮ ನನ್ನ ತಲೆ ಸವರಿದಳು. ನನಗೆ ನಲವತ್ತೆಂಟು, ಹೆರಳು ಹಾಕುವ ವಯಸ್ಸಿನ ಮಗುವಿಗೆ ಸವರಿದ ಹಾಗೆ ಸವರಿದಳು. ಕಣ್ಣಲ್ಲಿ ನೀರು. ಆಮೇಲೆ ಮುದ್ದೆ ಬಡಿಸು ಅಂದಳು, ಒಂದಿಡೀ ಉಂಡಳು! ಗೆದ್ದೆ ಅಂತ ಕುಣಿಯುವಷ್ಟು ಖುಷಿಯಾಯಿತು.

ಜನವರಿ 3, 2025

ಇವತ್ತು ಇನ್ನೊಂದು ಕಾರ್ಡು ಬಂತು.

ನಾನು ಬರೆದದ್ದಲ್ಲ. ಊಟಿಯ ಚಿತ್ರ, ಬಂಗಾರಪೇಟೆ ಮೊಹರು. "ಶಾಮೀ, ಕಾಗದ ಸಿಕ್ತು ತಾನೆ? ನನ್ನ ನೀಲಿ ಸ್ವೆಟರ್ ಇನ್ನೂ ಇದ್ದರೆ ಬಿಸಿಲಿಗೆ ಹಾಕು. ಇಲ್ಲಿ ಚಳಿ." ಅಕ್ಷರ ಎಡಕ್ಕೆ ವಾಲಿದೆ. ಮೈಸೂರಿನ ಕಾರ್ಡು ಪಕ್ಕ ಇಟ್ಟು ನೋಡಿದೆ. ಅದೇ ಕೈ.

ಇವರ ಮೇಲೆ ಹಾರಾಡಿದೆ. "ನನಗ ಕನ್ನಡದಾಗ ನೆಟ್ಟಗ ಅರ್ಜಿ ಬರ್ಯಾಕ ಬರಂಗಿಲ್ಲ, ಇದೆಲ್ಲಾ ನಾ ಎಲ್ಲಿಂದ ಮಾಡ್ಲಿ?" ಎಂದರು. ಅದೂ ನಿಜವೇ. ಖಾಲಿ ಕಾರ್ಡುಗಳನ್ನು ಎಣಿಸಿದೆ. ಹದಿಮೂರು ಇರಬೇಕಿತ್ತು, ಹನ್ನೆರಡಿವೆ.

ಇದನ್ನು ಅಮ್ಮನಿಗೆ ಓದಲಿಲ್ಲ.

ಜನವರಿ 6

ಅಂಗಡಿಯಲ್ಲಿ ಪತ್ರಿಕೆ ಮಡಿಸಿ, ಮೂಲೆಗೆ ಅರಿಶಿನ ಹಚ್ಚುವ ಅಂಬಿಕಳಿಗೆ ತಲೆ ಕೆಟ್ಟಿದೆ. ಕಾರ್ಡು ತೋರಿಸಿ, ಇದನ್ನು ನಮ್ಮ ಅಂಗಡಿಯಲ್ಲಿ ಯಾರಾದರೂ ಬರೆದರಾ ಎಂದು ಕೇಳಿದರೆ, "ನೀವೇ ಅಲ್ವಾ ಅಕ್ಕಾ? ಮಂಗಳ್ವಾರ ಮಧ್ಯಾಹ್ನ ಊಟ ಬಿಟ್ಟು ಬರೀತಾ ಕೂತಿದ್ರಿ. ನಿಮ್ಗೆ ಎಡಗೈಲೂ ಬರಿಯಾಕ್ ಬತ್ತದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ" ಎನ್ನುತ್ತಾಳೆ.

ಎಡಗೈಯಲ್ಲಿ ನನಗೆ ಚಮಚ ಹಿಡಿಯಲೂ ಬರುವುದಿಲ್ಲ. ಬಾಯಿ ಮುಚ್ಚಿಕೊಂಡು ಕೆಲಸ ನೋಡು ಎಂದೆ. ಎಡಗೈ ಹೆಬ್ಬೆರಳಿಗೆ ಇಂಕಾಗಿದೆ, ಸ್ಟ್ಯಾಂಪ್ ಪ್ಯಾಡಿನದಿರಬೇಕು. ಸೋಪಿಗೆ ಹೋಗುತ್ತಿಲ್ಲ.

ನೀಲಿ ಸ್ವೆಟರ್ ಟ್ರಂಕಿನಲ್ಲೇ ಇತ್ತು. ಇದ್ದಿದ್ದರಿಂದ ಬಿಸಿಲಿಗೆ ಹಾಕಿದೆ.

ಜನವರಿ 9

ಮುನಿಸ್ವಾಮಪ್ಪನವರನ್ನು ನೋಡಿ ಬಂದೆ. ಅಪ್ಪನ ಜತೆ ಮೂವತ್ತು ವರ್ಷ ಒಂದೇ ಶಿಫ್ಟಿನಲ್ಲಿ ಇಳಿದವರು, ಎಂಬತ್ತನಾಲ್ಕಾಗಿದೆ, ಈಗಲೂ ನಂದಿದುರ್ಗದ ಲೈನ್ ಮನೆಯಲ್ಲೇ ಇದ್ದಾರೆ. ಮಾರಿಕುಪ್ಪಂ ರೈಲಿನಲ್ಲಿ ಇವರ ಜತೆಯೇ ಹೋದೆ. ಗಣಿಯ ಕಸ ಸುರಿದ ಸೈನೈಡ್ ದಿಬ್ಬದ ಬಿಳಿ ಮಣ್ಣು ಗಾಳಿಗೆ ಎದ್ದು ಹಲ್ಲಿನ ಸಂದಿಯಲ್ಲೆಲ್ಲ ಕರಕರ.

ಕಾರ್ಡು ಎಂದೊಡನೆ ಮುದುಕ ಕಣ್ಣೊರೆಸಿಕೊಂಡರು.

"ನಿಂಗೆ ಯಾರೂ ಏಳೇ ಇಲ್ವಾ ಪಾಪಾ? ವೆಂಕಿ ಓಗ್ಬುಟ್ಟ ಕಣಮ್ಮಾ. ಎಂಬತ್ತಾರು, ದೀಪಾವಳಿ ಆದ್ಮೇಲೆ. ಕನ್ಯಾಕುಮಾರಿ ಲಾಡ್ಜಲ್ಲಿ ಜರ ಬಂದು ಓಗ್ಬುಟ್ಟ. ಆ ಕಾರ್ಡ್ ಯಾಪಾರದೋನೇ ಅಲ್ಲಿ ಮಣ್ಣು ಮಾಡಿ, ಇವನ ಬ್ಯಾಗು, ಮಾರ್ದೆ ಉಳ್ದಿದ್ ಕಾರ್ಡು ಎಲ್ಲಾ ಕಳ್ಸಿದ್ದ. ಜತೆಗೆ ಸಾವಿನ್ ಕಾರ್ಡು. ಮೂಲೆ ಕತ್ರಿಸಿದ್ದು."

ಮೂಲೆ ಕತ್ತರಿಸಿದ ಕಾರ್ಡು ಎಂದರೆ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಶುಭದ ಕಾಗದಕ್ಕೆ ನಾಲ್ಕು ಮೂಲೆಗೂ ಅರಿಶಿನ, ಅಶುಭದ್ದಕ್ಕೆ ಒಂದು ಮೂಲೆ ಕತ್ತರಿ. ಅದನ್ನು ಹೊಸಿಲು ದಾಟಿಸುವಂತಿಲ್ಲ. ಬೀದಿಯಲ್ಲೇ ನಿಂತು ಓದಿ, ಹರಿದೆಸೆದು, ತಲೆಗೆ ನೀರು ಹಾಕಿಕೊಂಡು ಒಳಗೆ ಹೋಗಬೇಕು.

"ಗಣಿ ಗೇಟ್ ತಾವ ನಾನೂ ಇದ್ದೆ. ಅರಿಯೋ ಅಶ್ವತ್ಥಾ, ಅರ್ದಾಕು ಅಂದೆ. ಟೋಪಿಯೊಳ್ಗೆ ಇಟ್ಕೊಂಡು ಮನೆ ಒಳಿಕ್ಕೆ ತಗೊಂಡ್ ಓಗ್ಬುಟ್ಟ. ಸ್ನಾನ ಇಲ್ಲ, ತಿಥಿ ಇಲ್ಲ, ಒಂದು ಎಡೆ ಇಲ್ಲ. ಬದುಕಿರೋನ್ ತರ ಕಾರ್ಡು ಬರ್ದ. ಸತ್ತೋನ್ನ ಈಗೆ ಕಟ್ಟಾಕ್ಬಾರ್ದಮ್ಮಾ, ಪಾವಂ, ಪಾಪ ಅವನು."

ಯಾಕೆ ಹಾಗೆ ಮಾಡಿದರು ಎಂದು ಕೇಳಿದೆ. "ಅದ್ನ ನಿಮ್ಮಮ್ಮನ್ ಕೇಳು" ಎಂದರು. ಅಮ್ಮನಿಗೆ ಗೊತ್ತೇ?

ರೈಲಿನಲ್ಲಿ ಸೆರಗು ಕಚ್ಚಿಕೊಂಡು ಅತ್ತೆ. ಎದುರು ಕೂತ ಹೆಂಗಸು ನೀರಿನ ಬಾಟಲಿ ಕೊಟ್ಟಳು.

ಜನವರಿ 11

ಮುನಿಸ್ವಾಮಪ್ಪನವರಿಗೆ ವಯಸ್ಸಾಗಿದೆ. ಇವತ್ತೂ ಕಾರ್ಡು ಬಂದಿದೆ, ಬೃಂದಾವನದ್ದು. ಅವರ ಮಾತನ್ನು ಎಷ್ಟೆಂದು ನಂಬುವುದು?

ಜನವರಿ 15

ನಿನ್ನೆ ಹಬ್ಬ. ಅಮ್ಮ ಎಳ್ಳುಬೆಲ್ಲ ಬೀರುವುದನ್ನು ಕಿಟಕಿಯಿಂದ ನೋಡಿದಳು. ಇವತ್ತು ಮಧ್ಯಾಹ್ನ ನನ್ನನ್ನು ಹತ್ತಿರ ಕೂರಿಸಿಕೊಂಡು, "ಪೆಟ್ಗೆ ತಳದಲ್ಲಿ ತಗಡು ಎತ್ತು" ಎಂದಳು.

ತಗಡಿನ ಕೆಳಗೆ ಇತ್ತು. ಬರಿಯ ಅಂಚೆ ಕಾರ್ಡು, ಚಿತ್ರವಿಲ್ಲ, ಬಲಗಡೆ ಮೇಲಿನ ಮೂಲೆ ಕತ್ತರಿಸಿದೆ. ನಾಲ್ಕು ಸಾಲು. ಓದಿದೆ. ಮುದುಕ ಹೇಳಿದ್ದೆಲ್ಲ ನಿಜ.

"ನಿಂಗೆ ಗೊತ್ತಿತ್ತಾ ಅಮ್ಮಾ?"

"ಬಂದ್ ದಿನಾನೇ ನಿಮ್ಮಪ್ಪ ಏಳಿದ್ರು. ನಿಂಗೆ ಏಳೋ ಧೈರ್ಯ ಬರ್ಲಿಲ್ಲ. ಅವ್ನಂದ್ರೆ ಜೀವ ಬಿಡ್ತಿದ್ದೆ ನೀನು. ಸಂಕ್ರಾಂತಿ ಬಂತು, ಕಾರ್ಡ್ ಬರ್ಲಿಲ್ಲ. ಎಂಟ್ ದಿನ ಬಾಗ್ಲಲ್ಲಿ ಕೂತೆ. ಉಣ್ಣಲಿಲ್ಲ, ಸ್ಕೂಲ್‌ಗೆ ಓಗ್ಲಿಲ್ಲ, ಜರ ಬಂದು ಫಿಟ್ಸ್ ಬಂತು. ಒಂದ್ ಓಯ್ತು, ಇದೂ ಓಯ್ತದೆ ಅಂತ ನಾನೇ ನಿಮ್ಮಪ್ಪನ್ ಕಾಲ್ ಇಡ್ಕೊಂಡೆ, ಒಂದ್ ಕಾರ್ಡ್ ಬರೀರಿ ಅಂತ. ಬರುದ್ರು. ನೀನು ಎದ್ ಕೂತು ಉಂಡೆ. ಆಮ್ಯಾಕೆ ನಿಲ್ಸೋಕೇ ಆಗ್ಲಿಲ್ಲ. ನಿನ್ನ ಮುಂದೆ ಜೋರಾಗಿ ಅಳೋಕೂ ಆಗ್ಲಿಲ್ಲ ಕಣೇ ನಂಗೆ. ಮೂವತ್ತೆಂಟ್ ವರ್ಷ."

ಇಷ್ಟು ವರ್ಷ ಅಮ್ಮ ಕಾಯುತ್ತಿದ್ದಾಳೆ ಅಂದುಕೊಂಡಿದ್ದೆ. ಕಾಯುತ್ತಿದ್ದವಳು ನಾನಂತೆ.

"ಇದ್ನ ಅರ್ದಾಕಿ, ಅವ್ನ ಎಸ್ರಲ್ಲಿ ತಲೆಗ್ ನೀರ್ ಆಕೊಂಡು, ಒಂದ್ ಎಡೆ ಇಡು. ಅದ್ನ ನೋಡಿ ಓಯ್ತೀನಿ. ಅವ್ನು ಬಾಗ್ಲಾಚೆ ನಿಂತವ್ನೆ ಅನ್ನುಸ್ತದೆ, ಅಗಲೂ ರಾತ್ರಿ. ಮೊನ್ನೆ ನೀನು ಕಾರ್ಡ್ ಓದಿದ್ಯಲ್ಲ, ನಂಗೆ ಎದೆ ಒಡ್ದೋಯ್ತು. ಇದು ಇನ್ನೂ ಬುಟ್ಟಿಲ್ವಲ್ಲಪ್ಪಾ ಅಂತ. ನಿನ್ ಕುಸಿಗೆ ಉಂಡೆ." ಉಸಿರು ತೆಗೆದುಕೊಂಡು ನನ್ನ ಕೈ ಹಿಡಿದಳು. "ಇನ್ನೊಂದು. ನಾನು ಸತ್ಮೇಲೆ ನನ್ ಎಸ್ರಲ್ಲಿ ಒಂದ್ ಗೀಟೂ ಬರೀಬ್ಯಾಡ. ನನ್ನ ಈಗೆ ನಿಲ್ಲುಸ್ಬ್ಯಾಡ."

ಆಯಿತಮ್ಮ, ಭಾನುವಾರ ಮಾಡಿಬಿಡೋಣ ಎಂದೆ. ಮನಸಾರೆ ಹೇಳಿದೆ.

ಜನವರಿ 20

ಭಾನುವಾರ ಆಗಲಿಲ್ಲ. ಧನುರ್ಮಾಸ ಮುಗಿದು ಲಗ್ನಪತ್ರಿಕೆಗಳು ಒಮ್ಮೆಗೇ ಬಂದು ಬಿದ್ದಿವೆ, ಉಸಿರಾಡಲು ಬಿಡುವಿಲ್ಲ. ಬರುವ ಭಾನುವಾರ ನೋಡೋಣ.

ವೆಂಕಿ ಕಾಫಿಪುಡಿ ಕೇಳಿದ್ದಾನೆ. ಕನ್ಯಾಕುಮಾರಿಯಲ್ಲಿ ಕಾಫಿ ಚೆನ್ನಾಗಿಲ್ಲವಂತೆ.

ಜನವರಿ 27

ಇವರು ಇವತ್ತು ಎಲ್ಲ ಬಿಟ್ಟು ನನ್ನ ಜತೆ ಜಗಳಕ್ಕೆ ನಿಂತರು. ಬೆಳಗಿನ ರೈಲಿಗೆ ಕಾಯುವಾಗ ನಾನು ಸ್ಟೇಷನ್ ಡಬ್ಬಿಗೆ ಕಾರ್ಡು ಹಾಕುವುದನ್ನು ನೋಡಿದರಂತೆ. "ಕರದರ ತಿರುಗಿ ಸುದ್ದಾ ನೋಡ್ಲಿಲ್ಲ. ಎಡಗೈಯಾಗ ಹಿಡಕೊಂಡು ಹೊಂಟಿದ್ದಿ. ಆ ನಡಿಗಿ ನಿಂದಲ್ಲ ಶಾಮಲಾ. ನನಗ ಅಂಜಿಕಿ ಬಂತು. ಡಾಕ್ಟರ್ ಕಡೆ ಹೋಗೂಣು ನಡಿ."

ಆ ಹೊತ್ತಿಗೆ ನಾನು ಮನೆಯಲ್ಲಿ ಉಪ್ಪಿಟ್ಟು ಮಾಡುತ್ತಿದ್ದೆ. ಇವರ ಕಣ್ಣಿನ ಪೊರೆ ತೆಗೆಸಬೇಕು, ಎಷ್ಟು ಸಲ ಹೇಳಿದರೂ ಕೇಳುವುದಿಲ್ಲ.

ಫೆಬ್ರವರಿ 4

ಅಮ್ಮ ಬೆಳಗಾದರೆ "ಅರುದ್ಯಾ?" ಎನ್ನುತ್ತಾಳೆ. ನಾಳೆ ಎನ್ನುತ್ತೇನೆ. ಕಾರ್ಡು ಕೈಗೆ ತೆಗೆದುಕೊಂಡದ್ದು ಎರಡು ಸಲ. ಹರಿಯಲು ಹೋದರೆ ಬಲಗೈ ಎಳೆಯುತ್ತದೆ, ಎಡಗೈ ಬಿಡುವುದಿಲ್ಲ. ದಪ್ಪ ಕಾಗದ, ಹಳೆಯ ಕಾಲದ ಮಾಲು ಗಟ್ಟಿ.

ಇವತ್ತು ಹತ್ತೂವರೆಗೆ ಬಾಗಿಲಲ್ಲಿ ಮಾತಾಡಿ ಒಳಗೆ ಬಂದರೆ ಅಮ್ಮ ಗೋಡೆಗೆ ಅಂಟಿಕೊಂಡು ಕೂತಿದ್ದಳು. "ಯಾರ್ ಕೂಡೆ ಮಾತಾಡ್ತಿದ್ದೆ?"

"ಪೋಸ್ಟ್‌ಮ್ಯಾನಮ್ಮ."

"ಪೋಸ್ಟ್‌ನೋನು ಬರೋದು ಅನ್ನೊಂದಕ್ಕೆ. ಶಾಮಲಾ, ಅವ್ನು ಬಂದ್ರೆ ಒಳಿಕ್ಕೆ ಕರೀಬ್ಯಾಡ ಕಣಮ್ಮಾ. ನನ್ ಮಗನೇ, ಆದ್ರೂ ಬ್ಯಾಡ."

ಹೆತ್ತ ಮಗನ ಬಗ್ಗೆ ಆಡುವ ಮಾತೇ ಇದು? ಹೊಸಿಲಿನ ಮೇಲೆ ಒದ್ದೆ ಹೆಜ್ಜೆಗಳಿದ್ದವು, ಒರೆಸಿದೆ. ಸಮುದ್ರದ ಮರಳು ಬಟ್ಟೆಗೆ ಹತ್ತಿಕೊಂಡರೆ ಸುಲಭವಾಗಿ ಹೋಗುವುದಿಲ್ಲ.

ಫೆಬ್ರವರಿ 12

ಅಮ್ಮ ಮತ್ತೆ ಊಟ ಬಿಟ್ಟಿದ್ದಾಳೆ. ಹಟ.

ಫೆಬ್ರವರಿ 17

ಅಮ್ಮನ ಮಾತು ಕೇಳಿಕೊಂಡು ಇವರು ನನ್ನ ಬ್ಯಾಗು, ಬೀರು ಎಲ್ಲ ಜಾಲಾಡಿದರು. ಆ ಕಾರ್ಡು ಸಿಕ್ಕಿದ್ದರೆ ತಾವೇ ಹರಿಯುತ್ತಿದ್ದರಂತೆ. ಸಿಗುವ ಜಾಗದಲ್ಲಿ ನಾನಿಟ್ಟಿದ್ದರೆ ತಾನೆ?

ಫೆಬ್ರವರಿ 20, ಗುರುವಾರ

ಅಮ್ಮ ಹೋದಳು. ಬೆಳಿಗ್ಗೆ ಹನ್ನೊಂದಕ್ಕೆ. ನನ್ನ ತೊಡೆಯ ಮೇಲೆ ತಲೆಯಿತ್ತು. ಬಾಯಿಗೆ ನೀರು ಬಿಡುವಾಗ ಕಣ್ಣು ತೆರೆದು, ಅರುದ್ಯಾ ಎಂದಳು. ಹೂಂ ಅಮ್ಮ, ಹರಿದೆ ಎಂದೆ. ನನ್ನ ಮುಖ ನೋಡಿದಳು. ಆ ಮುಖದಲ್ಲಿ ಏನು ಕಂಡಿತೋ, ತನ್ನ ಮುಖ ಬೇರೆ ಕಡೆ ತಿರುಗಿಸಿಕೊಂಡೇ ಪ್ರಾಣ ಬಿಟ್ಟಳು.

ಫೆಬ್ರವರಿ 23

ಹಾಲುತುಪ್ಪ ಮುಗಿಯಿತು. ಕಾಮಸಮುದ್ರದ ಕಡೆಯ ನಮ್ಮ ಊರಿನ ಹೊಲದಲ್ಲಿ, ಅಪ್ಪನ ಪಕ್ಕ ಮಣ್ಣು ಮಾಡಿದ್ದೇವೆ. ಊಟ ಸೇರುವುದಿಲ್ಲ. ಮನೆ ಬಿಕೋ ಎನ್ನುತ್ತದೆ. ಅಮ್ಮನ ಲೋಟ ತೊಳೆದು ಮತ್ತೆ ಅವಳ ಹಾಸಿಗೆ ಪಕ್ಕವೇ ಇಡುತ್ತೇನೆ.

ಮುನಿಸ್ವಾಮಪ್ಪನವರೂ ಇವರೂ ಸೇರಿ ತೀರ್ಮಾನ ಮಾಡಿದ್ದಾರೆ. ಹನ್ನೊಂದನೇ ದಿನ ಕೆರೆ ಹತ್ತಿರ ತಾಯಿ ಮಗ ಇಬ್ಬರಿಗೂ ಒಟ್ಟಿಗೆ ಎಡೆ. ವೆಂಕಿಯ ಕಾರ್ಡನ್ನು ನಾನೇ, ಎಲ್ಲರ ಎದುರು, ಹರಿಯಬೇಕು. "ಇವತ್ತಲ್ಲ ನಾಳೆ ಅಂದ್ರೆ ಇನ್ನ ಆಗಾಕಿಲ್ಲ ಪಾಪಾ. ನಿಮ್ಮಮ್ಮ ಅದೊಂದೇ ಕೇಳಿದ್ದು" ಎಂದು ಮುದುಕ ನನ್ನ ಕೈ ಹಿಡಿದುಕೊಂಡು ಕೇಳಿದರು. ಆಗಲಿ ಎಂದೆ.

ಅಮ್ಮನ ತಿಥಿ ಕಾರ್ಡನ್ನು ಇವರು ಕೆಜಿಎಫ್‌ನಲ್ಲಿ ಯಾರ ಹತ್ತಿರವೋ ಮಾಡಿಸಿದರು. ಊರವರದ್ದೆಲ್ಲ ಮಾಡಿದ ಕೈಗೆ ಅದೊಂದು ಆಗಲಿಲ್ಲ. ಅನಸೂಯಮ್ಮನವರು ದೈವಾಧೀನರಾದರು ಎಂದು ಟೈಪ್ ಮಾಡಲು ಕೂತೆ. ಹೆಸರು ಹೊಡೆದೆ, ಮುಂದಕ್ಕೆ ಹೋಗಲಿಲ್ಲ.

ಮಾರ್ಚ್ 1

ಅಂಗಡಿ ಬಾಗಿಲು ಹಾಕಿಕೊಂಡು ಕೆಲಸ ಮಾಡಿದೆ. ವೆಂಕಿಯ ಕಾರ್ಡಿನ ಎರಡೂ ಕಡೆ ಕಲರ್ ಸ್ಕ್ಯಾನ್, ಅಷ್ಟೇ ದಪ್ಪದ ಬೋರ್ಡು, ಹಿಂದು ಮುಂದು ಕೂದಲೆಳೆ ಅತ್ತಿತ್ತ ಆಗದಂತೆ ಪ್ರಿಂಟು. ಟೀ ಡಿಕಾಕ್ಷನ್‌ನಲ್ಲಿ ಅದ್ದಿ, ಫ್ಯಾನಿಗೆ ಒಣಗಿಸಿ, ಅಂಚನ್ನು ಉಗುರಿನಲ್ಲಿ ಉಜ್ಜಿದೆ. ಕೊನೆಗೆ ಮೂಲೆ ಕತ್ತರಿಸಿದೆ. ಪಕ್ಕಪಕ್ಕ ಇಟ್ಟರೆ ನನಗೇ ಗುರುತು ಸಿಗಲಿಲ್ಲ. ಇಪ್ಪತ್ತೈದು ವರ್ಷದಲ್ಲಿ ಇಷ್ಟು ಅಚ್ಚುಕಟ್ಟಾದ ಕೆಲಸ ಮಾಡಿಲ್ಲ.

ಮಾರ್ಚ್ 2, ಭಾನುವಾರ

ಎಲ್ಲ ಚೆನ್ನಾಗಿ ನಡೆಯಿತು. ಕೆರೆಯ ಏರಿ ಮೇಲೆ ನಿಂತು ಹರಿದೆ. ನಾಲ್ಕು ಚೂರು, ಎಂಟು ಚೂರು. ಮುನಿಸ್ವಾಮಪ್ಪನವರು ಎರಡೂ ಕೈ ಮುಗಿದು, "ಓಗಪ್ಪಾ ವೆಂಕೀ. ಅಮ್ಮನ್ ಕರ್ಕೊಂಡು ನೆಮ್ದಿಯಾಗ್ ಓಗು" ಎಂದು ಗೊಳೋ ಎಂದು ಅತ್ತರು. ನೀರಿನಲ್ಲಿ ಚೂರುಗಳು ಸ್ವಲ್ಪ ಹೊತ್ತು ತೇಲಿದವು. ಎಲ್ಲರೂ ತಲೆಗೆ ನೀರು ಹಾಕಿಕೊಂಡೆವು.

ಬಸ್ಸಿನಲ್ಲಿ ಇವರು ನನ್ನ ಕೈ ಹಿಡಿದುಕೊಂಡರು. ಮದುವೆಯಾಗಿ ಇಷ್ಟು ವರ್ಷಕ್ಕೆ ಜನರೆದುರು ಹಿಡಿದದ್ದು ಇದೇ ಮೊದಲು. "ಇನ್ನ ಆರಾಮ ಇರ್ತೀ ನೋಡು" ಎಂದರು. ನಿಜ ಹೇಳಿಬಿಡೋಣವೆಂದು ನಾಲಿಗೆ ತುದಿಗೆ ಬಂದಿತ್ತು. ಕಂಡಕ್ಟರ್ ಟಿಕೆಟ್ ಕೇಳಿದ, ಹಾಗೇ ಬಿಟ್ಟುಹೋಯಿತು.

ಮಾರ್ಚ್ 19

ಇವರು ಈಗ ರೈಲಿಗೆ ಹೊರಡುವಾಗ ಹಾಡು ಗುನುಗುತ್ತಾರೆ. ಮನೆಯಲ್ಲಿ ಒಳ್ಳೆಯ ನೆಮ್ಮದಿ. ನಾನೂ ಎರಡು ಕೆ.ಜಿ. ದಪ್ಪಗಾಗಿದ್ದೇನೆ.

ಏಪ್ರಿಲ್ 1, ಮಂಗಳವಾರ

ಸಾವಿನ ಮನೆಗೆ ಯುಗಾದಿಯಿಲ್ಲ. ಹಬ್ಬ ಭಾನುವಾರ, ನಿನ್ನೆ ರಂಜಾನ್ ರಜೆ, ಎರಡು ದಿನ ಅಂಚೆಯೂ ಇರಲಿಲ್ಲ. ಇವತ್ತು ಬಂತು.

ಕನ್ಯಾಕುಮಾರಿಯ ಚಿತ್ರ. ಮೂರು ಸಮುದ್ರ ಸೇರುವಲ್ಲಿ ಸೂರ್ಯ ಹುಟ್ಟುತ್ತಿದ್ದಾನೆ, ಬಂಡೆಯ ಮೇಲೆ ಬೆನ್ನು ಹಾಕಿ ನಿಂತ ಯಾತ್ರಿಕರು. ಹಿಂದುಗಡೆ ಮೇಲೆ ವೆಂಕಿ ಬರೆದಿದ್ದಾನೆ. "ಶಾಮೀ, ಅಮ್ಮ ಬಂದು ಸೇರಿದಳು. ಇಬ್ಬರೂ ಕ್ಷೇಮ." ಅದರ ಕೆಳಗೆ ಇನ್ನೊಂದು ಕೈಯಲ್ಲಿ ದಪ್ಪ ದಪ್ಪ ಸೊಟ್ಟ ಅಕ್ಷರ, ಒಂದನೇ ತರಗತಿಯ ಮಗು ಸ್ಲೇಟಿನಲ್ಲಿ ಒತ್ತಿ ಬರೆದ ಹಾಗಿದೆ.

"ಶಾಮಲಾ ನನ್ನ ಬುಟ್ಬುಡು."

ಎಷ್ಟು ಸಲ ಓದಿದೆನೋ! ಖುಷಿಗೆ ಕಣ್ಣು ತುಂಬಿ ಬಂತು. ಹೆಬ್ಬೆಟ್ಟು ಒತ್ತುತ್ತಿದ್ದವಳು ನಮ್ಮಮ್ಮ, ಒಂದೇ ತಿಂಗಳಲ್ಲಿ ಅಕ್ಷರ ಕಲಿತಿದ್ದಾಳೆ. ವೆಂಕಿ ಹೇಳಿಕೊಟ್ಟಿರಬೇಕು. ಬರುವ ಕಾರ್ಡಿನಲ್ಲಿ ಇನ್ನೂ ನಾಲ್ಕು ಸಾಲು ಬರೆಯಲಿ.